ಏರೋ ಇಂಡಿಯಾ ವಾರದಲ್ಲಿ ಹ್ಯಾಮ್ ರೇಡಿಯೋ ಸ್ಪೆಷಲ್ ಈವೆಂಟ್ ಸ್ಟೇಷನ್: ಶುರುವಿನಿಂದ ಕೊನೆವರೆಗೆ

ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಎಂಬ ವಿಮಾನ ಪ್ರದರ್ಶನ ನಡೆಯುತ್ತಿದೆ. ಆ ಐದು ದಿನ ಊರಿಡೀ ತಲೆಯೆತ್ತಿ ನೋಡುತ್ತದೆ. ಹ್ಯಾಮ್‌ಗಳಿಗೆ, ಅಂದರೆ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೋದವರಿಗೆ, ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ. ವಿಮಾನ ನೋಡಲು ಬಂದ ಮಗುವಿಗೆ ರೇಡಿಯೋ ತೋರಿಸಬಹುದು, ಜಗತ್ತಿನ ಹ್ಯಾಮ್‌ಗಳಿಗೆ ಬೆಂಗಳೂರನ್ನು ತೋರಿಸಬಹುದು.

ಸ್ಪೆಷಲ್ ಈವೆಂಟ್ ಸ್ಟೇಷನ್ ಅಂದರೆ ಒಂದು ಸಂದರ್ಭಕ್ಕಾಗಿ ಕೆಲವೇ ದಿನ ಬೇರೆ ಕಾಲ್‌ಸೈನ್ (ರೇಡಿಯೋದಲ್ಲಿ ಹೇಳುವ ಗುರುತಿನ ಹೆಸರು) ಪಡೆದು ನಡೆಸುವ ಹವ್ಯಾಸಿ ರೇಡಿಯೋ ಕೇಂದ್ರ. ಅಮೆರಿಕದಲ್ಲಿ ಇದಕ್ಕೆ ಮೂರೇ ಅಕ್ಷರದ ಪುಟ್ಟ ಕಾಲ್‌ಸೈನ್ ಸಿಗುತ್ತದೆ. ಬ್ರಿಟನ್‌ನಲ್ಲಿ ಜಿಬಿ ಎಂದು ಶುರುವಾಗುತ್ತದೆ. ನಮ್ಮಲ್ಲಿ ಮಾಮೂಲಿ ವಿಯು2, ವಿಯು3 ಬದಲು ಎಟಿ ಅಥವಾ ಎಯು ಎಂದು ಶುರುವಾಗುವುದು ವಾಡಿಕೆ.

ಕೆಲಸಕ್ಕೆ ಇಳಿಯುವ ಮುಂಚೆ ನನ್ನ ನಿಲುವು ಹೇಳಿಬಿಡುತ್ತೇನೆ. ಏರ್‌ಶೋದಲ್ಲಿ ಹಾರಾಟ ಮೊದಲು, ಎದುರಿಗೆ ನಿಂತ ಜನ ಆಮೇಲೆ, ಲಾಗ್‌ನಲ್ಲಿ, ಅಂದರೆ ದಾಖಲೆ ಪುಸ್ತಕದಲ್ಲಿ, ಇರುವ ಸಂಪರ್ಕಗಳ ಸಂಖ್ಯೆ ಎಲ್ಲಕ್ಕಿಂತ ಕೊನೆಗೆ. ಕೆಳಗೆ ಹೇಳಿರುವ ಪ್ರತಿ ಹೆಜ್ಜೆಯೂ ಈ ಕ್ರಮದಲ್ಲೇ ಇದೆ.

1. ಆರು ತಿಂಗಳು ಮುಂಚೆ: ಅನುಮತಿ

ಕಾಲ್‌ಸೈನ್ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ. ಅರ್ಜಿಯನ್ನು ಒಬ್ಬರ ಹೆಸರಲ್ಲಿ ಹಾಕುವುದಕ್ಕಿಂತ ಲೈಸೆನ್ಸ್ ಇರುವ ಕ್ಲಬ್ ಹೆಸರಲ್ಲಿ ಹಾಕುವುದು ಒಳ್ಳೆಯದು. ಯಾವ ಕಾರ್ಯಕ್ರಮ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಕೇಂದ್ರ ಇರುವ ಜಾಗದ ಪೂರ್ತಿ ವಿಳಾಸ, ಯಾವ ಬ್ಯಾಂಡ್ (ಫ್ರೀಕ್ವೆನ್ಸಿಗಳ ಗುಂಪು), ಎಷ್ಟು ಪವರ್, ಯಾರ್ಯಾರು ಆಪರೇಟರ್, ಅವರ ಲೈಸೆನ್ಸ್ ನಂಬರ್ ಯಾವುದು, ಎಲ್ಲವೂ ಅರ್ಜಿಯಲ್ಲಿರಲಿ. ವಿಳಾಸವನ್ನು ಯಾವುದೇ ಕಾರಣಕ್ಕೂ ಬಿಡಬೇಡಿ. ನಿಮ್ಮ ಸ್ವಂತ ಲೈಸೆನ್ಸ್ ಇರುವುದು ನಿಮ್ಮ ಮನೆಯ ವಿಳಾಸಕ್ಕೆ, ಯಲಹಂಕದ ಬಯಲಿಗಲ್ಲ.

ಬೇಕಾದ ಕಾಲ್‌ಸೈನ್‌ಗೆ ಎರಡು ಮೂರು ಆಯ್ಕೆ ಕೊಡಿ. ಚಿಕ್ಕದಿದ್ದಷ್ಟೂ ಚೆನ್ನ. ಉದಾಹರಣೆಗೆ ಎಟಿ2ಎಐ ಎಂದು ಇಟ್ಟುಕೊಳ್ಳೋಣ. ಮೈಕಿನಲ್ಲಿ ಅದು 'ಆಲ್ಫಾ ಟ್ಯಾಂಗೋ ಟೂ ಆಲ್ಫಾ ಇಂಡಿಯಾ'. ಕೇಳಿದವರಿಗೆ ತಕ್ಷಣ ಹಿಡಿಯುತ್ತದೆ, ಏರೋ ಇಂಡಿಯಾದ ಮೊದಲಕ್ಷರಗಳೂ ಬಂದವು. ಮೋರ್ಸ್‌ನಲ್ಲಿ ಎಸ್ ಅಂದರೆ ಮೂರು ಚುಕ್ಕಿ, ಎಚ್ ಅಂದರೆ ನಾಲ್ಕು, 5 ಅಂದರೆ ಐದು. ಇವು ಒಟ್ಟಿಗೆ ಬಂದರೆ ದೂರದವರು ಎಣಿಸುವಷ್ಟರಲ್ಲಿ ತಪ್ಪುತ್ತಾರೆ, ಆದ್ದರಿಂದ ಅವನ್ನು ಬಿಡಿ.

ಎಷ್ಟನೇ ಆವೃತ್ತಿ ಎಂದು ತೋರಿಸಲು ಎಟಿ15 ಎಂಬಂತೆ ಎರಡಂಕಿ ಹಾಕುವ ಆಸೆ ಆಗುತ್ತದೆ. ಎಫ್‌ಟಿ8, ಅಂದರೆ ಕಂಪ್ಯೂಟರ್ ಪುಟ್ಟ ಸಂದೇಶ ಕಳಿಸುವ ಡಿಜಿಟಲ್ ಮೋಡ್, ಬಳಸುವ ಯೋಚನೆ ಇದ್ದರೆ ಅದು ಬೇಡ. ಮಾಮೂಲಿ ನಮೂನೆಗೆ ಕೂರದ ಕಾಲ್‌ಸೈನನ್ನೂ ಎಫ್‌ಟಿ8 ಕಳಿಸುತ್ತದೆ. ಆದರೆ ಸಂದೇಶದಲ್ಲಿರುವುದು ಕೆಲವೇ ಬಿಟ್‌ಗಳ ಜಾಗ. ಹಾಗಾಗಿ ನಮ್ಮದು, ಎದುರಿನವರದು ಎರಡರಲ್ಲಿ ಒಂದು ಕಾಲ್‌ಸೈನ್ ಸಂಕೇತವಾಗಿ ಕುಗ್ಗುತ್ತದೆ, ಗ್ರಿಡ್ (ಜಾಗ ಗುರುತಿಸುವ ಸಂಕೇತ) ಕಳಿಸಲು ಜಾಗ ಉಳಿಯುವುದಿಲ್ಲ, ಎದುರಿನವರಿಗೆ ಗೊಂದಲ.

2. ಜಾಗ: ಒಳಗೋ, ಹೊರಗೋ?

ಯಲಹಂಕ ಸೇನೆಯ ನೆಲೆ. ಒಳಗೆ ಟ್ರಾನ್ಸ್‌ಮಿಟ್ ಮಾಡಬೇಕಾದರೆ ಡಬ್ಲ್ಯೂಪಿಸಿ ಕಾಗದವೊಂದೇ ಸಾಲದು. ಆಯೋಜಕರದ್ದೂ ವಾಯುಪಡೆಯದ್ದೂ ಲಿಖಿತ ಒಪ್ಪಿಗೆ ಬೇಕು. ಬಾಯಿಮಾತಿನ 'ಆಯ್ತು ಬನ್ನಿ' ನಂಬಿಕೊಂಡು ಟಿಕೆಟ್ ಹಿಡಿದು ರಿಗ್ (ರೇಡಿಯೋ ಸೆಟ್) ಒಯ್ಯುವುದು ಬೇಡವೇ ಬೇಡ. ಗೇಟಿನಲ್ಲೇ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು.

ನನ್ನ ಸಲಹೆ ಹೀಗೆ. ಪ್ರಸಾರ ಮಾಡುವ ಕೇಂದ್ರ ನೆಲೆಯಿಂದ ಕೆಲವು ಕಿಲೋಮೀಟರ್ ಹೊರಗಿರಲಿ. ಯಲಹಂಕ ಸುತ್ತಮುತ್ತ ಇಂಜಿನಿಯರಿಂಗ್ ಕಾಲೇಜು, ಶಾಲೆ, ಸಮುದಾಯ ಭವನ ಬೇಕಾದಷ್ಟಿವೆ. ಏರೋ ಇಂಡಿಯಾ ನೋಡುವವರೆಲ್ಲ ಟಿಕೆಟ್ ಕೊಂಡವರಲ್ಲ. ಬಳ್ಳಾರಿ ರಸ್ತೆಯ ಬದಿಯಲ್ಲಿ, ಹುಣಸಮಾರನಹಳ್ಳಿ ಕಡೆಯ ತಾರಸಿಗಳ ಮೇಲೆ ಸಾವಿರಾರು ಜನ ನಿಂತಿರುತ್ತಾರೆ. ಅವರಿಗೆ ತೋರಿಸಲು ಬೇರೆ ಯಾರೂ ಇರುವುದಿಲ್ಲ. ಕಾಲೇಜು ಮೈದಾನದಲ್ಲಿ ಶಾಮಿಯಾನ ಹಾಕಿದರೆ ಆ ಜನ ಬಂದೇ ಬರುತ್ತಾರೆ. ಒಳಗಡೆ ಮಳಿಗೆ ಸಿಕ್ಕರೆ ಅಲ್ಲಿ ಟ್ರಾನ್ಸ್‌ಮಿಟರ್ ಇಡದೆ ಮೋರ್ಸ್ ಕೀ, ಹಳೇ ಸೆಟ್‌ಗಳು, ಕ್ಯೂಎಸ್‌ಎಲ್ ಕಾರ್ಡ್‌ಗಳ (ಸಂಪರ್ಕ ಆಯಿತೆಂದು ಖಚಿತಪಡಿಸಿ ಕಳಿಸುವ ಕಾರ್ಡ್) ಪ್ರದರ್ಶನ ಇಡಿ. ಅದಕ್ಕೆ ಒಪ್ಪಿಗೆ ಸಿಗುವುದೂ ಸುಲಭ.

ಜಾಗ ಆರಿಸುವಾಗ ರನ್‌ವೇ ಪೂರ್ವ-ಪಶ್ಚಿಮವಾಗಿದೆ ಎಂಬುದು ನೆನಪಿರಲಿ. ಅದರ ಎರಡು ತುದಿಗಳ ನೇರಕ್ಕೆ, ವಿಮಾನ ಇಳಿಯುವ ದಾರಿಯ ಕೆಳಗೆ, ಮಾಸ್ಟ್ (ಆಂಟೆನಾ ಕಂಬ) ಎತ್ತಬೇಡಿ. ದಕ್ಷಿಣಕ್ಕೆ ಜಕ್ಕೂರು ಏರೋಡ್ರೋಮ್ ಇದೆ, ಉತ್ತರಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣ. ಹಾಗಾಗಿ ಎತ್ತರದ ವಿಷಯದಲ್ಲಿ ಇಡೀ ಪ್ರದೇಶವೇ ಸೂಕ್ಷ್ಮ. ಪ್ರದರ್ಶನದ ಹೊತ್ತಿಗೆ ಕಟ್ಟಡ ಕೆಲಸದ ಕ್ರೇನ್‌ಗಳನ್ನು ತಗ್ಗಿಸಲು ಹೇಳುತ್ತಾರೆ. 2025ರಲ್ಲಿ ನೆಲೆಯ ಸುತ್ತ 13 ಕಿಲೋಮೀಟರ್‌ವರೆಗೆ ಮಾಂಸದಂಗಡಿ ಮುಚ್ಚಿಸಿದ್ದರು. ಬಿಸಾಡಿದ ಮಾಂಸಕ್ಕೆ ಹದ್ದು ಬರುತ್ತವೆ, ಹದ್ದು ವಿಮಾನಕ್ಕೆ ಬಡಿಯುತ್ತವೆ. ಅಷ್ಟು ಸಣ್ಣದಕ್ಕೂ ಎಚ್ಚರ ವಹಿಸುವ ಜಾಗದಲ್ಲಿ ನಮ್ಮ ಕಂಬ ಮರದ ಎತ್ತರವನ್ನೂ ಕಟ್ಟಡದ ಎತ್ತರವನ್ನೂ ಮೀರಬಾರದು. ಊಟದ ಪೊಟ್ಟಣಗಳ ಕಸವನ್ನೂ ಮುಚ್ಚಿದ ಡಬ್ಬದಲ್ಲೇ ಹಾಕಿ.

3. ಮುಖ್ಯವಾದ ಹೆಜ್ಜೆ: ವಿಮಾನದ ರೇಡಿಯೋಗೆ ತೊಂದರೆ ಆಗದಂತೆ

ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಏಕೆಂದರೆ ಬೇರೆ ಕಾರ್ಯಕ್ರಮಗಳಲ್ಲಿ ಇದರ ಚಿಂತೆ ಇರುವುದಿಲ್ಲ.

ನಾವು ಒಂದು ಫ್ರೀಕ್ವೆನ್ಸಿಯಲ್ಲಿ ಕಳಿಸಿದರೂ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟರಲ್ಲಿ ಸಣ್ಣ ಪ್ರಮಾಣದಲ್ಲಿ ಹಾರ್ಮಾನಿಕ್‌ಗಳು ಹೊರಡುತ್ತವೆ. ನಾಗರಿಕ ವಿಮಾನಗಳ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್‌ನಲ್ಲಿ. ಅದರ ಕೆಳಗೆ 108ರಿಂದ 118ರವರೆಗೆ ದಾರಿ ತೋರಿಸುವ ವಿಒಆರ್, ಐಎಲ್‌ಎಸ್ ಸಂಕೇತಗಳು. ಈಗ ಲೆಕ್ಕ ಹಾಕಿ.

ಬ್ಯಾಂಡ್‌ಗಳಿಗೆ ಹೆಸರು ಅಲೆಯ ಉದ್ದದಿಂದ. 15 ಮೀಟರ್ ಬ್ಯಾಂಡ್ 21.0ರಿಂದ 21.45 ಮೆಗಾಹರ್ಟ್ಸ್. ಅದರ ಆರರಷ್ಟು 126ರಿಂದ 128.7. ನೇರ ವಿಮಾನ ಬ್ಯಾಂಡಿಗೇ ಬಿತ್ತು. 12 ಮೀಟರ್‌ನ ಐದರಷ್ಟು 124.45ರಿಂದ 124.95, ಅದೂ ಅಲ್ಲೇ. 10 ಮೀಟರ್‌ನ 28.0ರ ನಾಲ್ಕರಷ್ಟು 112, 28.5ರದ್ದು 114. ಅದು ವಿಒಆರ್ ಜಾಗ.

ಎಲ್ಲಕ್ಕಿಂತ ಗಮನ ಬೇಕಾದದ್ದು 2 ಮೀಟರ್ ಬ್ಯಾಂಡ್. ನಮಗಿರುವುದು 144ರಿಂದ 146. ಅದರ ಎರಡರಷ್ಟು 288ರಿಂದ 292. ಸೇನಾ ವಿಮಾನಗಳು ಮಾತಾಡುವ ಯುಎಚ್‌ಎಫ್ ಬ್ಯಾಂಡ್ 225ರಿಂದ 400. ಎರಡನೇ ಹಾರ್ಮಾನಿಕ್ ಉಳಿದವುಗಳಿಗಿಂತ ಸಾಮಾನ್ಯವಾಗಿ ಬಲವಾಗಿರುತ್ತದೆ. ಎರಡು ಮೂರು ಸಾವಿರ ರೂಪಾಯಿಯ ಅಗ್ಗದ ಹ್ಯಾಂಡಿಗಳಲ್ಲಿ (ಕೈಯಲ್ಲಿ ಹಿಡಿಯುವ ಸೆಟ್) ಫಿಲ್ಟರ್ ದುರ್ಬಲ. ಅವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲೆಯ ಹತ್ತಿರ ಓಡಾಡುತ್ತಾ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತುವುದು ಸರಿಯಲ್ಲ. ಸ್ವಯಂಸೇವಕರ ನಡುವೆ ಮಾತಿಗೆ ಮೊಬೈಲ್ ಸಾಕು.

ಹಾಗಾದರೆ ಏನು ಮಾಡಬೇಕು? ರಿಗ್ ಆದ ಮೇಲೆ 30 ಮೆಗಾಹರ್ಟ್ಸ್ ಮೇಲಿನದ್ದನ್ನು ತಡೆಯುವ ಲೋ ಪಾಸ್ ಫಿಲ್ಟರ್ ಹಾಕಿ. ಪವರ್ ಹೆಚ್ಚಿಸುವ ಲೀನಿಯರ್ ಆಂಪ್ಲಿಫೈಯರ್ ಮನೆಯಲ್ಲೇ ಇರಲಿ, 100 ವಾಟ್‌ಗಿಂತ ಜಾಸ್ತಿ ಇಲ್ಲಿ ಬೇಕಿಲ್ಲ. ನಿರ್ಬಂಧಿತ ದರ್ಜೆಯ ಆಪರೇಟರ್ ಕೂತಾಗ ಅವರ ಲೈಸೆನ್ಸ್ ಮಿತಿಗೆ ಇಳಿಸಿ. ಎಸ್‌ಎಸ್‌ಬಿಯಲ್ಲಿ (ಮಾತಿನ ಮೋಡ್) ಎಎಲ್‌ಸಿ ಮೀಟರ್, ಅಂದರೆ ಸಿಗ್ನಲ್ ಮಿತಿ ತೋರಿಸುವ ಮೀಟರ್, ಗುರುತು ದಾಟದಂತೆ ಮೈಕ್ ಗೇನ್ ಇಡಿ, ಓವರ್‌ಡ್ರೈವ್ ಆದರೆ ಸಿಗ್ನಲ್ ಅಕ್ಕಪಕ್ಕಕ್ಕೆ ಹರಡುತ್ತದೆ. ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ ಅದೇ ರಿಗ್, ಅದೇ ಫಿಲ್ಟರ್, ಅದೇ ಕೇಬಲ್ ಜೋಡಿಸಿ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಹೊರಡುತ್ತದೆ ಎಂದು ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿಬಿಡಿ. ಆಂಟೆನಾ ಬದಲು ಡಮ್ಮಿ ಲೋಡ್, ನಡುವೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಮರೆಯಬೇಡಿ. ಕಾಲೇಜಿನ ಇಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಅನಲೈಸರ್ ಇದ್ದೇ ಇರುತ್ತದೆ. ನೋಡಿದ್ದರ ಫೋಟೋ ಪ್ರಿಂಟ್ ಮಾಡಿ ಕಡತದಲ್ಲಿಡಿ. ಅಧಿಕಾರಿಗಳು ಬಂದು ಕೇಳಿದರೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಮೇಜಿನ ಮೇಲೆ ಒಬ್ಬರ ಮೊಬೈಲ್ ನಂಬರ್ ದೊಡ್ಡದಾಗಿ ಬರೆದಿರಲಿ. ಅದೇ ನಂಬರ್ ಆಯೋಜಕರಿಗೂ ಕೊಟ್ಟಿರಿ. 'ನಿಲ್ಲಿಸಿ' ಎಂದು ಕರೆ ಬಂದರೆ ಪ್ರಶ್ನೆ ಕೇಳದೆ ಮೇನ್ ಸ್ವಿಚ್ ಆಫ್. ಕಾರಣ ಆಮೇಲೆ ಕೇಳಿದರಾಯಿತು.

ವಿಮಾನಗಳ ಮಾತುಕತೆಯನ್ನು ಸ್ಕ್ಯಾನರ್‌ನಲ್ಲಿ ಹಿಡಿದು ಜನರಿಗೆ ಕೇಳಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ನಮ್ಮ ಲೈಸೆನ್ಸ್ ಹವ್ಯಾಸಿ ಬ್ಯಾಂಡ್‌ಗಳಿಗೆ ಮಾತ್ರ.

4. ಆಂಟೆನಾ

ಸರಳವಾಗಿಡಿ. 40 ಮೀಟರ್‌ಗೊಂದು, 20 ಮೀಟರ್‌ಗೊಂದು ಡೈಪೋಲ್ (ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ ಆಂಟೆನಾ) ಇದ್ದರೆ ಮುಕ್ಕಾಲು ಕೆಲಸ ಆಯಿತು. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20 ಮೀಟರ್ ತಂತಿ, 14.2ಕ್ಕೆ ಸುಮಾರು 10. ಸ್ವಲ್ಪ ಉದ್ದ ಬಿಟ್ಟು ಕತ್ತರಿಸಿ, ಎಸ್‌ಡಬ್ಲ್ಯೂಆರ್ (ಆಂಟೆನಾ ರಿಗ್‌ಗೆ ಎಷ್ಟು ಹೊಂದಿದೆ ಎಂಬ ಅಳತೆ) ನೋಡುತ್ತಾ ಮೊಟಕು ಮಾಡಿ. ನಡುವೆ ಒಂದೇ ಕಂಬ, ಎರಡೂ ಕಡೆ ಇಳಿಜಾರು, ಅಂದರೆ ಇನ್ವರ್ಟೆಡ್ ವಿ. ಏಳೆಂಟು ಮೀಟರ್ ಎತ್ತರ ಸಾಕು.

ಡೈಪೋಲ್‌ನ ತುದಿಗಳಲ್ಲಿ ವೋಲ್ಟೇಜ್ ಜಾಸ್ತಿ. ಟ್ರಾನ್ಸ್‌ಮಿಟ್ ಆಗುವಾಗ ಮುಟ್ಟಿದರೆ ಕೈ ಸುಡುತ್ತದೆ. ಜನ ಓಡಾಡುವ ಜಾಗದಲ್ಲಿ ತುದಿಗಳು ಮೂರು ಮೀಟರ್‌ಗಿಂತ ಕೆಳಗೆ ಬರಬಾರದು. ಕಂಬದ ಗೈ ಹಗ್ಗಗಳಿಗೆ ಕೆಂಪು-ಬಿಳಿ ಟೇಪ್ ಸುತ್ತಿ. ಎಲ್ಲರೂ ಆಕಾಶ ನೋಡಿಕೊಂಡು ನಡೆಯುವ ಜಾಗ ಇದು, ಕಾಲಡಿ ಏನಿದೆ ಎಂದು ಒಬ್ಬರೂ ನೋಡುವುದಿಲ್ಲ. ವಿದ್ಯುತ್ ತಂತಿ ಇರುವ ಬದಿಗೆ ಕಂಬ ಎತ್ತಲೇಬೇಡಿ. ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು.

5. ಕರೆಂಟು, ಬ್ಯಾಟರಿ, ಬೆಂಕಿ

100 ವಾಟ್ ರಿಗ್ ಟ್ರಾನ್ಸ್‌ಮಿಟ್ ಮಾಡುವಾಗ 13.8 ವೋಲ್ಟ್‌ನಲ್ಲಿ 20 ಆಂಪಿಯರ್ ಮೇಲೆಯೇ ಎಳೆಯುತ್ತದೆ. ಕೇಳುವಾಗ ಒಂದೆರಡು ಆಂಪಿಯರ್. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಎಸ್‌ಎಸ್‌ಬಿ, ಮೋರ್ಸ್ ನಡೆಸಿದರೆ ಹಗಲು ಕಳೆಯುತ್ತದೆ. ಎಫ್‌ಟಿ8 ಸತತವಾಗಿ ಓಡಿಸಿದರೆ ಬೇಗ ಖಾಲಿ, ಆದ್ದರಿಂದ ಅದನ್ನು 25-30 ವಾಟ್‌ನಲ್ಲಿ ನಡೆಸಿ. ಲಿಥಿಯಂ ಇಲ್ಲದಿದ್ದರೆ ಮನೆಯ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿಯೂ ಆಗುತ್ತದೆ. ಹೊರಲು ಇಬ್ಬರು ಬೇಕು, ಅಷ್ಟೇ. ಬ್ಯಾಟರಿಯ ಟರ್ಮಿನಲ್ ಹತ್ತಿರವೇ ಫ್ಯೂಸ್ ಇರಲಿ.

ಬ್ಯಾಟರಿ ಸಾಕಾಗುವಾಗ ಜನರೇಟರ್ ತರಬೇಡಿ ಎನ್ನುವುದು ನನ್ನ ಒತ್ತಾಯ. ಫೆಬ್ರವರಿಯಲ್ಲಿ ಆ ಕಡೆಯ ಬಯಲೆಲ್ಲ ಒಣಹುಲ್ಲು. 2019ರ ಫೆಬ್ರವರಿ 23ರಂದು ಏರೋ ಇಂಡಿಯಾದ ಪಾರ್ಕಿಂಗ್ ಮೈದಾನದಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಗಾಳಿಗೆ ಹಬ್ಬಿ ಸುಮಾರು 300 ಕಾರುಗಳು ಸುಟ್ಟುಹೋದವು. ಜನರೇಟರ್ ಅನಿವಾರ್ಯವಾದರೆ ಸುತ್ತಲಿನ ಹುಲ್ಲು ಕೆರೆಸಿ, ಬರೀ ನೆಲದ ಮೇಲಿಡಿ. ಬಿಸಿ ಇರುವಾಗ ಪೆಟ್ರೋಲ್ ತುಂಬಿಸಬೇಡಿ. ಡ್ರೈ ಪೌಡರ್ ಎಕ್ಸ್‌ಟಿಂಗ್ವಿಶರ್ ಒಂದು, ಮರಳು ತುಂಬಿದ ಬಕೆಟ್ ಎರಡು ಪಕ್ಕದಲ್ಲೇ ಇರಲಿ.

ರಿಸೀವರ್‌ನಲ್ಲಿ ಗದ್ದಲ ತರುವ ಶತ್ರುಗಳು ಎಲ್‌ಇಡಿ ಪರದೆ, ಅಗ್ಗದ ಚಾರ್ಜರ್, ಇನ್ವರ್ಟರ್. ಮೊದಲ ದಿನ ಬೆಳಗ್ಗೆ ಒಂದೊಂದೇ ಆಫ್ ಮಾಡಿ ಎಸ್-ಮೀಟರ್ (ಸಿಗ್ನಲ್ ಬಲ ತೋರಿಸುವ ಮೀಟರ್) ನೋಡಿ. ಯಾವುದು ಆಫ್ ಆದಾಗ ಮುಳ್ಳು ಇಳಿಯಿತೋ ಅದರ ಕೇಬಲ್ಲನ್ನು ಫೆರೈಟ್ ರಿಂಗ್‌ಗೆ ಏಳೆಂಟು ಸುತ್ತು ಸುತ್ತಿ.

6. ಜನ ಮತ್ತು ಸರದಿ

ಒಂದು ಸರದಿಗೆ ಕನಿಷ್ಠ ನಾಲ್ವರು. ಒಬ್ಬರು ಆಪರೇಟರ್, ಒಬ್ಬರು ಲಾಗ್ ಬರೆಯಲು, ಇಬ್ಬರು ಜನರ ಜೊತೆ ಮಾತಾಡಲು. ಆಪರೇಟರ್ ಜನರಿಗೆ ಉತ್ತರ ಕೊಡಲು ಹೋಗಬಾರದು. ಕೊಟ್ಟರೆ ಎರಡೂ ಕೆಡುತ್ತದೆ. ಎರಡು ಗಂಟೆಗೊಮ್ಮೆ ಬದಲಾಯಿಸಿ. ಕನ್ನಡ ಚೆನ್ನಾಗಿ ಆಡುವವರು ಎದುರಿಗಿರಲಿ. ಹಳ್ಳಿಯಿಂದ ಬಂದ ಅಜ್ಜನಿಗೂ ಶಾಲೆಯ ಮಗುವಿಗೂ ಇಂಗ್ಲಿಷ್ ಬೆರೆಸದೆ ಹೇಳಬಲ್ಲವರು ಕ್ಲಬ್‌ನಲ್ಲಿ ಯಾರು ಎಂದು ಮುಂಚೆಯೇ ಗುರುತಿಸಿ.

ಮೈಕಿನ ಗುಂಡಿ ಲೈಸೆನ್ಸ್ ಇರುವವರ ಕೈಯಲ್ಲೇ ಇರಬೇಕು. ಮಂತ್ರಿಗಳು ಬಂದರೂ, ಪ್ರಾಂಶುಪಾಲರು ಬಂದರೂ ಇದೇ ನಿಯಮ.

7. ದಿನದ ಓಟ

ಏರೋ ಇಂಡಿಯಾದಲ್ಲಿ ಹಾರಾಟ ಸಾಮಾನ್ಯವಾಗಿ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ನಿಮ್ಮ ದಿನವನ್ನು ಅದರ ಸುತ್ತಲೇ ಹೆಣೆಯಿರಿ.

ಬೆಳಗ್ಗೆ ಏಳರಿಂದ ಒಂಬತ್ತು: 40 ಮೀಟರ್. ದಕ್ಷಿಣ ಭಾರತದ ಹ್ಯಾಮ್‌ಗಳು ಸಿಗುವ ಹೊತ್ತು. ಮಂಗಳೂರು, ಧಾರವಾಡ, ಕೊಚ್ಚಿ, ಹೈದರಾಬಾದ್ ಕಡೆಯವರೊಂದಿಗೆ ಕನ್ನಡದಲ್ಲೋ ಮಲಯಾಳದಲ್ಲೋ ತೆಲುಗಿನಲ್ಲೋ ನಾಲ್ಕು ಮಾತಾಡಬಹುದು. ಜನ ಬರುವ ಮುಂಚೆ ಕೇಂದ್ರ ಸರಿಯಿದೆಯೇ ಎಂದೂ ಗೊತ್ತಾಗುತ್ತದೆ. ಆಮೇಲೆ 15, 10 ಮೀಟರ್‌ನಲ್ಲಿ ಜಪಾನ್ ಕಡೆ, ಮಧ್ಯಾಹ್ನದ ನಂತರ 20, 15ರಲ್ಲಿ ಯೂರೋಪ್ ಕಡೆ ಕಿವಿ ಕೊಡಿ.

ಹಾರಾಟ ಶುರುವಾದಾಗ ಮೈಕ್ ಕೆಳಗಿಡಿ. ಸುಖೋಯ್ ಆಫ್ಟರ್‌ಬರ್ನರ್ ಹಾಕಿ ಮೇಲೇರಿದರೆ ಶಾಮಿಯಾನದ ಬಟ್ಟೆಯೇ ನಡುಗುತ್ತದೆ. ಆಗ ವಾಕ್ಸ್ ಆನ್ ಇದ್ದರೆ, ಅಂದರೆ ಧ್ವನಿ ಕೇಳಿದ ಕೂಡಲೇ ತಾನೇ ಟ್ರಾನ್ಸ್‌ಮಿಟ್ ಆಗುವ ವ್ಯವಸ್ಥೆ ಇದ್ದರೆ, ನೀವು ಬಾಯಿ ತೆರೆಯದಿದ್ದರೂ ವಿಮಾನದ ಸದ್ದಿಗೇ ರಿಗ್ ಕೀ ಆಗುತ್ತದೆ. ಪವರ್ ಮೀಟರಿನ ಮುಳ್ಳು ತಾನಾಗಿ ಮೇಲೇಳುವುದನ್ನು ನೋಡಬಹುದು. ವಾಕ್ಸ್ ಆಫ್ ಮಾಡಿ, ಪಾದದಿಂದ ಒತ್ತುವ ಸ್ವಿಚ್ ಹಾಕಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಸೆಟ್ ಇರಲಿ, ಮೈಕ್ ತುಟಿಗೆ ಹತ್ತಿರ, ಗೇನ್ ಕಡಿಮೆ, ಕಂಪ್ರೆಸರ್ ಆಫ್.

ಆ ಗಂಟೆಯಲ್ಲಿ ಮೋರ್ಸ್ ಅಥವಾ ಎಫ್‌ಟಿ8 ನಡೆಯಲಿ. ಎಫ್‌ಟಿ8ಗೆ ಗಡಿಯಾರ ಸರಿಯಿರಬೇಕು, ಒಂದು ಸೆಕೆಂಡಿಗಿಂತ ಜಾಸ್ತಿ ತಪ್ಪಿದರೆ ಡಿಕೋಡ್ ಆಗುವುದು ಕಷ್ಟ. ಜನಜಂಗುಳಿಗೆ ಮೊಬೈಲ್ ಡೇಟಾ ಕೈಕೊಡುತ್ತದೆ, ಹಾಗಾಗಿ ಲ್ಯಾಪ್‌ಟಾಪ್‌ಗೆ ಜಿಪಿಎಸ್ ಡಾಂಗಲ್ ಹಾಕಿಡಿ. ಲಾಗ್ ಸಾಫ್ಟ್‌ವೇರ್ ಕೂಡ ಇಂಟರ್‌ನೆಟ್ ಇಲ್ಲದೆ ನಡೆಯುವಂತಿರಲಿ. ಸಮಯ ಯುಟಿಸಿಯಲ್ಲಿ: ನಮ್ಮ ಬೆಳಗ್ಗೆ 9.30 ಅಂದರೆ 04.00.

ಹಾರಾಟ ಮುಗಿದ ಹತ್ತು ನಿಮಿಷಕ್ಕೆ ಜನ ಒಮ್ಮೆಲೇ ನುಗ್ಗುತ್ತಾರೆ. ಆ ಹೊತ್ತಿಗೆ ನಿಮ್ಮ ಅತ್ಯುತ್ತಮ ಆಪರೇಟರ್ ಎಸ್‌ಎಸ್‌ಬಿಯಲ್ಲಿ ಕೂತಿರಲಿ, ಹೊರಗೆ ಸ್ಪೀಕರ್ ಇರಲಿ. ಸಂಪರ್ಕ ಇಷ್ಟೇ ಸಾಕು ('ಸಿಕ್ಯೂ' ಅಂದರೆ ಕೇಳಿದವರು ಯಾರಾದರೂ ಉತ್ತರಿಸಿ):

'ಸಿಕ್ಯೂ ಸಿಕ್ಯೂ, ಆಲ್ಫಾ ಟ್ಯಾಂಗೋ ಟೂ ಆಲ್ಫಾ ಇಂಡಿಯಾ, ಬೆಂಗಳೂರು ಏರ್‌ಶೋ ಸ್ಪೆಷಲ್ ಸ್ಟೇಷನ್.' ಎದುರಿನವರು ಕಾಲ್‌ಸೈನ್ ಹೇಳುತ್ತಾರೆ. ನೀವು ಅದನ್ನು ತಿರುಗಿ ಹೇಳಿ 'ಫೈವ್ ನೈನ್', ಅಂದರೆ ಸಿಗ್ನಲ್ ಚೆನ್ನಾಗಿದೆ ಎಂದು ವರದಿ, ನಿಮ್ಮ ಹೆಸರು ಕೊಡಿ. ಅವರೂ ಕೊಡುತ್ತಾರೆ. ಥ್ಯಾಂಕ್ಯೂ, ಮುಂದಿನವರು.

ಕರೆಯುವವರು ಒಬ್ಬರ ಮೇಲೊಬ್ಬರು ಬಿದ್ದು ಪೈಲ್‌ಅಪ್ ಆದರೆ ಸ್ಪ್ಲಿಟ್‌ಗೆ ಹೋಗಿ, ಅಂದರೆ ಒಂದು ಫ್ರೀಕ್ವೆನ್ಸಿಯಲ್ಲಿ ಕಳಿಸಿ ಇನ್ನೊಂದರಲ್ಲಿ ಕೇಳಿ; '5 ಅಪ್' (5 ಕಿಲೋಹರ್ಟ್ಸ್ ಮೇಲೆ ಕರೆಯಿರಿ) ಎನ್ನಿ. ಆದರೂ ಮಗುವೊಂದು 'ಅವರು ಯಾವ ಊರು?' ಎಂದು ಕೇಳಿದರೆ ಪೈಲ್‌ಅಪ್ ಕಾಯಲಿ. ದೂರದವರನ್ನೇ ಊರು, ಅಲ್ಲಿಯ ಹವಾಮಾನ ಕೇಳಿ ಮಗುವಿಗೆ ಕೇಳಿಸಿ.

8. ಬಂದವರಿಗೆ ಏನು ತೋರಿಸಬೇಕು

ವಿಮಾನ ನೋಡಿ ಬಂದವರಿಗೆ ವಿಮಾನದಿಂದಲೇ ಶುರು ಮಾಡಿ. ನಾವು ಹೇಳುವ ಆಲ್ಫಾ, ಬ್ರಾವೋ, ಚಾರ್ಲಿ ಪೈಲಟ್‌ಗಳು ಹೇಳುವುದೂ ಅದೇ. ನಾವು ಊರಿಗೆ ಕ್ಯೂಟಿಎಚ್ ಎನ್ನುತ್ತೇವೆ, ಪೈಲಟ್‌ಗಳು ಗಾಳಿಯ ಒತ್ತಡದ ಲೆಕ್ಕಕ್ಕೆ ಇಂದಿಗೂ ಕ್ಯೂಎನ್‌ಎಚ್ ಎನ್ನುತ್ತಾರೆ. ಎರಡೂ ಹಳೇ ಮೋರ್ಸ್ ಕಾಲದ ಕ್ಯೂ ಸಂಕೇತಗಳು. ಅರಬ್ಬಿ ಸಮುದ್ರದ ನಡುವೆ ಹಾರುವ ವಿಮಾನಕ್ಕೆ ದಡದ ವಿಎಚ್‌ಎಫ್ ಮುಟ್ಟುವುದಿಲ್ಲ. ಆಗ ಪೈಲಟ್ ಮುಂಬೈ ಜೊತೆ ಮಾತಾಡುವುದು ಎಚ್‌ಎಫ್ (ದೂರ ಮುಟ್ಟುವ ಕಿರುತರಂಗ) ಎಸ್‌ಎಸ್‌ಬಿಯಲ್ಲಿ, ನಮ್ಮ ಮೇಜಿನ ಮೇಲಿನ ರಿಗ್ ಬಳಸುವಂಥದ್ದೇ ತರಂಗದಲ್ಲಿ. ಇದನ್ನು ಕೇಳಿದವರ ಮುಖ ನೋಡಿ, ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ.

ಕರ್ನಾಟಕದ ಕಥೆಯೂ ಇದೆ. ಆಕಾಶದಲ್ಲಿ ಹೊಗೆಯ ಗೆರೆ ಎಳೆಯುವ ಸೂರ್ಯಕಿರಣ ತಂಡದ ಮನೆ ನಮ್ಮ ಬೀದರ್. ಹವ್ಯಾಸಿಗಳಿಗಾಗಿಯೇ ಇಸ್ರೋ ಮಾಡಿದ ಹ್ಯಾಮ್‌ಸ್ಯಾಟ್ ಉಪಗ್ರಹ 2005ರ ಮೇ 5ರಂದು ಹಾರಿತು, 2014ರವರೆಗೆ ದುಡಿಯಿತು. 2025ರ ಜುಲೈನಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಶುಭಾಂಶು ಶುಕ್ಲಾ ಹ್ಯಾಮ್ ರೇಡಿಯೋದಲ್ಲಿ ಮಾತಾಡಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಕೂತಿದ್ದ ವಿದ್ಯಾರ್ಥಿಗಳ ಜೊತೆ. ಬಾಹ್ಯಾಕಾಶ ನಿಲ್ದಾಣ ಯಾವಾಗ ನಮ್ಮ ಮೇಲೆ ಹಾದುಹೋಗುತ್ತದೆ ಎಂದು ಮುಂಚೆ ನೋಡಿಟ್ಟುಕೊಂಡು, 437.800 ಮೆಗಾಹರ್ಟ್ಸ್‌ನಲ್ಲಿ ಅದರ ರಿಪೀಟರ್ (ಬಂದ ಸಿಗ್ನಲನ್ನು ಮರುಪ್ರಸಾರ ಮಾಡುವ ಸೆಟ್) ಚಾಲೂ ಇದ್ದರೆ ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾದಿಂದ ಕೇಳಿಸಿ. ಕೇಳುವುದಷ್ಟೇ. ಮೇಲಕ್ಕೆ ಕಳಿಸುವುದು 2 ಮೀಟರ್‌ನಲ್ಲಿ, ಅದು ಇಲ್ಲಿ ಬೇಡ ಎಂದು ಆಗಲೇ ಹೇಳಿದೆ.

ಮಕ್ಕಳಿಗೆ ಮೋರ್ಸ್ ಕೀ. ರಿಗ್‌ಗೆ ಸೇರಿಸದ, ಬರೀ ಬಜರ್ ಇರುವ ಕೀ. ಒಂದು ಚೀಟಿಯಲ್ಲಿ ಮಗುವಿನ ಹೆಸರನ್ನು ಚುಕ್ಕಿ-ಗೆರೆಯಲ್ಲಿ ಬರೆದುಕೊಡಿ. ರವಿ ಎಂಬ ಹುಡುಗ ಬಂದ ಎನ್ನಿ. ಡಿ-ಡಾ-ಡಿಟ್, ಡಿ-ಡಾ, ಡಿ-ಡಿ-ಡಿ-ಡಾ, ಡಿ-ಡಿಟ್. ಮೊದಲ ಸಲ ಒತ್ತುವಾಗ ಎಲ್ಲ ಒಂದೇ ಉದ್ದ ಆಗುತ್ತದೆ. 'ಗೆರೆ ಅಂದ್ರೆ ಮೂರು ಚುಕ್ಕಿಯಷ್ಟು ಹೊತ್ತು ಹಿಡ್ಕೋ ಪುಟ್ಟಾ' ಎಂದು ಹೇಳಿ, ಬೆರಳ ಮೇಲೆ ನಿಮ್ಮ ಬೆರಳಿಟ್ಟು ಒಮ್ಮೆ ಒತ್ತಿಸಿ. ಎರಡನೇ ಸಲ ಅಲ್ಲದಿದ್ದರೆ ಮೂರನೇ ಸಲ ಸರಿಯಾಗಿ ಬರುತ್ತದೆ. ಚೀಟಿಯ ಹಿಂಬದಿಯಲ್ಲಿ ಕ್ಲಬ್‌ನ ತರಗತಿ ಯಾವಾಗ, 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು ಎಂಬ ಮಾಹಿತಿ ಕನ್ನಡದಲ್ಲಿ ಅಚ್ಚಾಗಿರಲಿ.

9. ಮುಗಿದ ಮೇಲೆ

ಕೊನೆಯ ದಿನ ಸಂಜೆಯೇ ಲಾಗ್‌ನ ಎಡಿಐಎಫ್ ಕಡತವನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ, ಇಬ್ಬರ ಮನೆಗೆ ಕಳಿಸಿ. ಸಂಪರ್ಕ ಖಚಿತಪಡಿಸುವ ಜಾಲತಾಣ ಲಾಗ್‌ಬುಕ್ ಆಫ್ ದ ವರ್ಲ್ಡ್‌ಗೆ ಸ್ಪೆಷಲ್ ಕಾಲ್‌ಸೈನ್‌ಗೆಂದೇ ಬೇರೆ ಸರ್ಟಿಫಿಕೇಟ್ ಬೇಕು, ದಿನಾಂಕದ ಮಿತಿಯನ್ನು ಅನುಮತಿ ಪತ್ರದಲ್ಲಿ ಇದ್ದಂತೆಯೇ ಹಾಕಿ. 'ಕ್ಲಬ್ ಲಾಗ್' ಜಾಲತಾಣಕ್ಕೂ ಹಾಕಿದರೆ ದೂರದವರು ತಮ್ಮ ಸಂಪರ್ಕ ದಾಖಲಾಗಿದೆಯೇ ಎಂದು ತಾವೇ ನೋಡಿಕೊಳ್ಳುತ್ತಾರೆ, ನಿಮಗೆ ಇಮೇಲ್ ಕಾಟ ತಪ್ಪುತ್ತದೆ.

ಕ್ಯೂಎಸ್‌ಎಲ್ ಕಾರ್ಡ್‌ಗೆ ನೆಲೆಯ ಒಳಗಿನ ಫೋಟೋ ಬಳಸಬೇಡಿ. ಆಕಾಶದಲ್ಲಿರುವ ವಿಮಾನ, ಮುಂದೆ ನಿಮ್ಮ ಡೈಪೋಲ್, ಅದೇ ಚೆಂದ. ಒಂದು ಬದಿಯಲ್ಲಿ ಕನ್ನಡದಲ್ಲೂ 'ಬೆಂಗಳೂರು' ಎಂದು ಅಚ್ಚಾಗಲಿ. ಹೊರದೇಶದ ಕಾರ್ಡ್‌ಗಳನ್ನು ಕ್ಯೂಎಸ್‌ಎಲ್ ಬ್ಯೂರೋ ಮೂಲಕ ಕಳಿಸಿದರೆ ಖರ್ಚು ಕಡಿಮೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನೇರವಾಗಿ ಅಂಚೆಯಲ್ಲಿ ಬೇಕೆಂದು ಲಕೋಟೆ ಕಳಿಸಿದವರಿಗೆ ಮಾತ್ರ ತಡಮಾಡದೆ ಉತ್ತರಿಸಿ.

ಜಾಗ ಕೊಟ್ಟ ಕಾಲೇಜಿಗೆ, ಅನುಮತಿ ಕೊಟ್ಟ ಕಚೇರಿಗಳಿಗೆ ಒಂದು ಪುಟದ ವರದಿ ಕಳಿಸಿ: ಎಷ್ಟು ದೇಶ, ಎಷ್ಟು ಸಂಪರ್ಕ, ಎಷ್ಟು ಮಕ್ಕಳು ಬಂದರು, ತೊಂದರೆಯ ದೂರು ಬಂತೇ. ಅನಲೈಸರ್‌ನ ಆ ಫೋಟೋವನ್ನೂ ಜೊತೆಗೆ ಲಗತ್ತಿಸಿ. ಎರಡು ವರ್ಷದ ನಂತರ ಅರ್ಜಿ ಹಾಕುವಾಗ ಇದೇ ವರದಿಯ ಪ್ರತಿ ಮೊದಲ ಲಗತ್ತಾಗಿ ಹೋಗಲಿ.